ಕೇರಳದಷ್ಟು ನೆಲ, ಹದಿನಾರು ಸಾವಿರ ಜನ: ಮುರ್ಗಾಬ್ ಜಿಲ್ಲೆಯ ನಕ್ಷೆ ಓದುವ ಬಗೆ

ತಜಿಕಿಸ್ತಾನದ ನಕ್ಷೆ ಬಿಡಿಸಿ ಪೂರ್ವದ ತುದಿಗೆ ಬನ್ನಿ. ಉತ್ತರಕ್ಕೆ ಕಿರ್ಗಿಸ್ತಾನ, ಪೂರ್ವಕ್ಕೆ ಚೀನಾ, ದಕ್ಷಿಣಕ್ಕೆ ಅಫ್ಘಾನಿಸ್ತಾನ. ಈ ಮೂರರ ನಡುವೆ ಸಿಕ್ಕಿಕೊಂಡ ಎತ್ತರದ ನೆಲವೇ ಮುರ್ಗಾಬ್ ಜಿಲ್ಲೆ. ವಿಸ್ತೀರ್ಣ ಸುಮಾರು 37,300 ಚದರ ಕಿ.ಮೀ., ಅಂದರೆ ಹೆಚ್ಚುಕಡಿಮೆ ಕೇರಳದಷ್ಟು, ಇಡೀ ತಜಿಕಿಸ್ತಾನದ ಕಾಲು ಭಾಗ. ಜನ ಮಾತ್ರ ಹದಿನಾರು ಸಾವಿರದ ಆಸುಪಾಸು. ಲೆಕ್ಕ ಹಾಕಿದರೆ ಎರಡು ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನೂ ಇಲ್ಲ.

ಈ ನಕ್ಷೆಯ ಮೇಲೆ ಊರುಗಳೆಂದು ಕಾಣುವ ಚುಕ್ಕೆಗಳನ್ನು ನಮ್ಮ ಕಡೆಯ ಚುಕ್ಕೆಗಳ ಹಾಗೆ ಓದಿದವರು ಮೋಸ ಹೋಗುತ್ತಾರೆ. ಚುಕ್ಕೆ ನಂಬಿ ಜುಲೈನಲ್ಲಿ ಹೋದರೆ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಏನೂ ಇಲ್ಲ ಎಂದು ನಕ್ಷೆ ಹೇಳುವ ಪಕ್ಕದ ಕಣಿವೆಯಲ್ಲಿ ನಾಲ್ಕು ಡೇರೆ, ಹೊಗೆ, ನಾಯಿ ಬೊಗಳುವ ಸದ್ದು. ಮುರ್ಗಾಬಿನ ಚುಕ್ಕೆ ಎಂದರೆ ಜನವರಿಯ ವಿಳಾಸ. ಇದೊಂದು ತಲೆಗೆ ಹೋದರೆ ಉಳಿದ ಭೂಗೋಳ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಮೊದಲು ‘ಪಾಮೀರ್’ ಎಂಬ ಹೆಸರನ್ನೇ ಸರಿಪಡಿಸಿಕೊಳ್ಳೋಣ. ನಮಗೆ ಪಾಮೀರ್ ಅಂದರೆ ಶಿಖರಗಳು, ಶಾಲೆಯ ಪುಸ್ತಕದ ‘ಜಗತ್ತಿನ ಛಾವಣಿ’. ಅಲ್ಲಿಯವರ ಬಾಯಲ್ಲಿ ಪಾಮೀರ್ ಎಂದರೆ ಎರಡು ಬೆಟ್ಟಸಾಲುಗಳ ನಡುವೆ ಹರಡಿಕೊಂಡ, ಹಿಮನದಿ ಉಜ್ಜಿ ಅಗಲ ಮಾಡಿದ, ತಳ ಚಪ್ಪಟೆಯಾದ ಹುಲ್ಲಿನ ಕಣಿವೆ. ಅಂಥವು ಒಂದಲ್ಲ, ಹಲವಿವೆ: ಅಲಿಚೂರ್ ಪಾಮೀರ್, ರಂಗ್‌ಕುಲ್ ಪಾಮೀರ್, ಗಡಿಯಾಚೆ ಅಫ್ಘಾನಿಸ್ತಾನದ ಲಿಟಲ್ ಪಾಮೀರ್. ಮುರ್ಗಾಬ್ ಜಿಲ್ಲೆ ಈ ಚಪ್ಪಟೆ ಕಣಿವೆಗಳ ಜಿಲ್ಲೆ. ಇದೇ ಪಾಮೀರಿನ ಪಶ್ಚಿಮ ಭಾಗದಲ್ಲಿ ನದಿಗಳು ಕಡಿದಾದ ಕಂದರ ಕೊರೆದಿವೆ, ತಳದಲ್ಲಿ ಏಪ್ರಿಕಾಟ್ ಮರವಿದೆ, ಗೋಧಿ ಹೊಲವಿದೆ. ಪೂರ್ವಕ್ಕೆ ಬಂದ ಹಾಗೆ ಕಣಿವೆಯ ತಳವೇ 3,600ರಿಂದ 4,000 ಮೀಟರಿಗೆ ಏರಿಬಿಡುತ್ತದೆ. ಬೆಟ್ಟಗಳು ಅದರ ಮೇಲೆ ಸಾವಿರ, ಎರಡು ಸಾವಿರ ಮೀಟರ್ ಎತ್ತರಕ್ಕಷ್ಟೇ ಗುಡ್ಡೆ ಹಾಕಿದ ಹಾಗೆ ಕೂತಿರುತ್ತವೆ. ಮರ ಎಂಬುದು ಹುಡುಕಿದರೂ ಸಿಗದು.

ಮಳೆಯೂ ಇಲ್ಲ. ಪಶ್ಚಿಮದಿಂದ ಬರುವ ತೇವವನ್ನು ಫೆಡ್ಚೆಂಕೊ ಹಿಮನದಿ ಇರುವ ಎತ್ತರದ ಸಾಲುಗಳೇ ಹಿಂಡಿಕೊಳ್ಳುತ್ತವೆ. ನಮ್ಮ ಮುಂಗಾರನ್ನು ಹಿಂದೂಕುಶ್ ಮತ್ತು ಕಾರಕೋರಂ ದಕ್ಷಿಣದಲ್ಲೇ ತಡೆಯುತ್ತವೆ. ಎರಡೂ ಕಡೆಯಿಂದ ಮಳೆ ನೆರಳು. ಮುರ್ಗಾಬ್ ಪಟ್ಟಣದಲ್ಲಿ ಇಡೀ ವರ್ಷಕ್ಕೆ ಬೀಳುವುದು 70 ಮಿಲಿಮೀಟರಿನ ಆಚೀಚೆ. ನಮ್ಮಲ್ಲಿ ಆಷಾಢದ ಒಂದು ಗಟ್ಟಿ ಮಳೆಗೇ ಅಷ್ಟಾಗುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 17-18 ಡಿಗ್ರಿ ಕೆಳಗೆ, ಜುಲೈನದ್ದು ಮೇಲೆ 13-14.

ಕೇಳಿದರೆ ಇದು ಬರೀ ಶಾಪ ಅನಿಸಬಹುದು, ಆದರೆ ಇಲ್ಲಿ ಬದುಕು ಸಾಧ್ಯವಾಗಿರುವುದೇ ಈ ಬರಗಾಲದ ಆಕಾಶದಿಂದ. ಹಿಮ ಕಡಿಮೆ ಬೀಳುತ್ತದೆ, ಬಿದ್ದದ್ದನ್ನೂ ಗಾಳಿ ಗುಡಿಸಿಕೊಂಡು ಹೋಗುತ್ತದೆ. ಹಾಗಾಗಿ ನಡು ಚಳಿಗಾಲದಲ್ಲೂ ಕುರಿ ಮತ್ತು ಯಾಕ್ ನೆಲದ ಒಣಹುಲ್ಲು ಮೇಯಬಲ್ಲವು. ಅಪರೂಪಕ್ಕೆ ಹಿಮ ದಪ್ಪವಾಗಿ ಬಿದ್ದು, ಒಂದು ದಿನ ಬಿಸಿಲಿಗೆ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಹುಲ್ಲಿನ ಮೇಲೆ ಗಾಜಿನಂಥ ಪದರ ಕೂರುತ್ತದೆ. ಕುರಿಯ ಗೊರಸಿಗೆ ಅದು ಒಡೆಯುವುದಿಲ್ಲ. ಹಿಂಡಿಗೆ ಹಿಂಡೇ ಹಸಿವಿನಿಂದ ಸಾಯುತ್ತದೆ. ಇಲ್ಲಿನ ಹೆಚ್ಚಿನವರ ಮಾತಾದ ಕಿರ್ಗಿಜ್ ಭಾಷೆಯಲ್ಲಿ ಇದಕ್ಕೆ ‘ಜೂತ್’ ಎಂದು ಹೆಸರು. ಚಳಿಗಿಂತ ಕುರುಬರಿಗೆ ಭಯ ಇದರದ್ದು.

ನೀರಿನ ದಾರಿ ಮೂರು. ಒಂದನೆಯದು ಅಕ್ಸು. ಅಫ್ಘಾನಿಸ್ತಾನದ ಲಿಟಲ್ ಪಾಮೀರಿನಲ್ಲಿ ಹುಟ್ಟಿ ಜಿಲ್ಲೆಯ ಆಗ್ನೇಯ ಮೂಲೆಯಿಂದ ಒಳಬರುತ್ತದೆ, ಶೈಮಾಕ್ ಮತ್ತು ತೋಖ್ತಮಿಶ್ ಹಳ್ಳಿಗಳನ್ನು ದಾಟಿ ಮುರ್ಗಾಬ್ ಪಟ್ಟಣಕ್ಕೆ ತಲುಪುತ್ತದೆ. ಅಲ್ಲಿ ಉತ್ತರದಿಂದ ಅಕ್‌ಬೈತಾಲ್ ಹೊಳೆ ಕೂಡಿಕೊಳ್ಳುತ್ತದೆ, ನದಿಯ ಹೆಸರು ಮುರ್ಗಾಬ್ ಎಂದಾಗುತ್ತದೆ. ಪಶ್ಚಿಮಕ್ಕೆ ತಿರುಗಿ ಸರೇಜ್ ಸರೋವರ ಸೇರಿ, ಅದರಾಚೆ ಬರ್ತಾಂಗ್ ಎಂದು ಮೂರನೆಯ ಹೆಸರು ಹೊತ್ತು ಪಂಜ್ ನದಿಗೆ ಬೀಳುತ್ತದೆ. ನೀರು ಒಂದೇ, ಹೆಸರು ಮೂರು. ಎರಡನೆಯದು ಅಲಿಚೂರ್: ಯಶಿಲ್‌ಕುಲ್ ಸರೋವರಕ್ಕೆ ಇಳಿದು, ಹೊರಬರುವಾಗ ಗುಂಟ್ ಆಗಿ ಖೊರೋಗ್ ಊರಿನ ಕಡೆ ಹೋಗುತ್ತದೆ. ಮೂರನೆಯದಕ್ಕೆ ದಾರಿಯೇ ಇಲ್ಲ. ಉತ್ತರದ ಕರಾಕುಲ್ ಸರೋವರಕ್ಕೆ ಬಂದ ನೀರು ಅಲ್ಲೇ ನಿಂತು ಬಿಸಿಲಿಗೆ ಆರುತ್ತದೆ, ಅದಕ್ಕೇ ಉಪ್ಪುಪ್ಪು.

ಹೆಸರಿನ ಗೊಂದಲ ಇನ್ನೂ ಇದೆ, ಗಮನವಿರಲಿ. ಅಫ್ಘಾನಿಸ್ತಾನದಿಂದ ತುರ್ಕ್ಮೆನಿಸ್ತಾನದ ಮರಳಿಗೆ ಹರಿಯುವ ಇನ್ನೊಂದು ಮುರ್ಗಾಬ್ ನದಿ ಇದೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಶ್ಗರ್ ಹತ್ತಿರ ಮುಜ್ತಾಗ್ ಅತಾ ಶಿಖರದ ಬುಡದಲ್ಲಿ ಚೀನಾದ್ದೇ ಒಂದು ಕರಾಕುಲ್ ಇದೆ. ಅಂತರ್ಜಾಲದಲ್ಲಿ ಒಂದರ ಫೋಟೊ ಹಾಕಿ ಇನ್ನೊಂದರ ಹೆಸರು ಬರೆದವರು ಬಹಳ ಮಂದಿ. ನೀಲಿ ನೀರಿನ ಹಿಂದೆ ಒಂದೇ ಒಂದು ದೈತ್ಯ ಹಿಮಶಿಖರ ಮೈಮೇಲೆ ಬಂದ ಹಾಗೆ ನಿಂತಿದ್ದರೆ ಅದು ಬಹುಮಟ್ಟಿಗೆ ಚೀನಾದ ಕರಾಕುಲ್.

ಊರಿನ ಹೆಸರು ನೋಡಿದ ತಕ್ಷಣ ಅಲ್ಲಿ ಕೆರೆ ಇತ್ತೋ, ಕಟ್ಟೆ ಇತ್ತೋ, ಹಳ್ಳ ಇತ್ತೋ ಎಂದು ನಮಗೆ ಗೊತ್ತಾಗುವುದಿಲ್ಲವೇ, ಹಾಗೆಯೇ ಒಂದು ಹತ್ತು ಹದಿನೈದು ಕಿರ್ಗಿಜ್ ಪದ ಗೊತ್ತಿದ್ದರೆ ಇಲ್ಲಿನ ನಕ್ಷೆ ಮಾತಾಡುತ್ತದೆ. ಅಕ್ ಎಂದರೆ ಬಿಳಿ, ಕರಾ ಕಪ್ಪು, ಕಿಜಿಲ್ ಕೆಂಪು, ಯಶಿಲ್ ಹಸಿರು. ಕುಲ್ ಸರೋವರ, ಸು ನೀರು, ಬುಲಾಕ್ ಒರತೆ, ತಾಶ್ ಕಲ್ಲು, ಬಾಶ್ ತಲೆ ಅಥವಾ ಹೊಳೆಯ ಮೇಲ್ತುದಿ, ಆರ್ತ್ ಎಂದರೆ ಘಾಟಿ. ಶೋರ್ ಇದ್ದರೆ ಚೌಳು, ಕುಡಿಯುವ ನೀರಿನ ಆಸೆ ಬಿಡಬೇಕು. ಗುಂಬೆಜ್ ಇದ್ದರೆ ಗುಮ್ಮಟವುಳ್ಳ ಗೋರಿ, ರಬಾತ್ ಇದ್ದರೆ ಹಿಂದೆ ದಾರಿಹೋಕರ ಛತ್ರ. ಅಕ್‌ಬೈತಾಲ್ ಅಂದರೆ ಬಿಳಿ ಹೆಣ್ಣುಕುದುರೆ.

ನಕ್ಷೆಗಳಲ್ಲಿ ಇಂದಿಗೂ ಕೈಗೆ ಬರುವುದು ಸೋವಿಯತ್ ಸೇನೆಯ ಹಳೆಯ ಹಾಳೆಗಳೇ, 1:1,00,000 ಮತ್ತು 1:2,00,000 ಪ್ರಮಾಣದವು. ಅವುಗಳಲ್ಲಿ ಹೆಸರಿನ ಪಕ್ಕದಲ್ಲಿರುವ ಮೂರು ನಾಲ್ಕಕ್ಷರದ ರಷ್ಯನ್ ಕಿರುರೂಪಗಳನ್ನು ಕಡೆಗಣಿಸಬಾರದು. ‘ಜಿಮ್.’ ಎಂದಿದ್ದರೆ ಚಳಿಗಾಲದ ಬಿಡಾರ, ‘ಲೆತ್.’ ಎಂದಿದ್ದರೆ ಬೇಸಿಗೆಯದು. ‘ಕೋಶ್.’ ಎಂದರೆ ಕುರಿ ರೊಪ್ಪ, ‘ಮೊಗ್.’ ಎಂದರೆ ಗೋರಿ, ‘ಪೆರ್.’ ಎಂದರೆ ಘಾಟಿ, ‘ರಾಜ್ವ್.’ ಎಂದರೆ ಪಾಳು ಬಿದ್ದ ಕಟ್ಟಡ. ಮೊಬೈಲಿನ ನಕ್ಷೆಗಳು ಇವೆಲ್ಲವನ್ನೂ ಒಂದೇ ಗಾತ್ರದ ಚುಕ್ಕೆ ಮಾಡಿಬಿಡುತ್ತವೆ. ‘ಮೊಗ್.’ ಅನ್ನು ಊರೆಂದು ನಂಬಿ ಸಂಜೆ ಹೊತ್ತಿಗೆ ತಲುಪಿದರೆ ಸಿಗುವ ಆತಿಥ್ಯ ಎಂಥದೆಂದು ಹೇಳಬೇಕಾಗಿಲ್ಲ.

ಊರುಗಳನ್ನು ಪೋಣಿಸಿರುವ ದಾರ ಒಂದೇ, ಕಿರ್ಗಿಸ್ತಾನದ ಓಶ್‌ನಿಂದ ಖೊರೋಗ್‌ಗೆ ಹೋಗುವ ಪಾಮೀರ್ ಹೆದ್ದಾರಿ. 1931ರಿಂದ 1934ರ ನಡುವೆ ಕಟ್ಟಿದ್ದು, ಉದ್ದ 728 ಕಿ.ಮೀ. ಓಶ್‌ನಿಂದ ಮುರ್ಗಾಬ್ 417, ಅಲ್ಲಿಂದ ಖೊರೋಗ್ 311. ಇಂದಿನ ಹಳ್ಳಿಗಳಲ್ಲಿ ಹೆಚ್ಚಿನವು ಈ ರಸ್ತೆ ಬಂದ ಕಾಲದಲ್ಲೇ, ಅಲೆಮಾರಿಗಳನ್ನು ಸಾಮೂಹಿಕ ಕೃಷಿಕ್ಷೇತ್ರಗಳಿಗೆ ಸೇರಿಸಿ ಒಂದೆಡೆ ಕೂರಿಸಿದಾಗ, ಊರಿನ ರೂಪ ಪಡೆದವು. ನೂರು ವರ್ಷ ತುಂಬದ ಹಳ್ಳಿಗಳು. ಗೋರಿಗಳು ಮಾತ್ರ ಹಳ್ಳಿಗಳಿಗಿಂತ ಎಷ್ಟೋ ಹಳೆಯವು.

ಉತ್ತರದಿಂದ ಬಂದರೆ ಮೊದಲು ಕಿಜಿಲ್ ಆರ್ತ್ ಘಾಟಿ, 4,280 ಮೀಟರ್. ಇಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಕಿರ್ಗಿಸ್ತಾನದ ಚೌಕಿ ಇರುವುದು ಕೆಳಗೆ ಬೋರ್‌ದೊಬೊದಲ್ಲಿ, ತಜಿಕಿಸ್ತಾನದ್ದು ಘಾಟಿಯ ಬಳಿ. ಎರಡರ ನಡುವೆ ಸುಮಾರು 20 ಕಿ.ಮೀ. ಯಾರದೂ ಅಲ್ಲದ ಏರುದಾರಿ. ಒಂದು ಚೌಕಿಯಲ್ಲಿ ಮುದ್ರೆ ಒತ್ತಿಸಿಕೊಂಡ ಮೇಲೆ ಮುಂದಿನ ಚೌಕಿಗೆ ಗಾಡಿ ಸಿಗುತ್ತದೆ ಎಂದುಕೊಂಡು ನಡೆದು ಹೊರಟವರು ನಡುದಾರಿಯಲ್ಲಿ ಕೂರುತ್ತಾರೆ. ಗಾಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮುರ್ಗಾಬ್ ಜಿಲ್ಲೆ ಸೇರಿರುವ ಗೋರ್ನೊ ಬದಖ್‌ಶಾನ್ ಪ್ರಾಂತ್ಯಕ್ಕೆ ವೀಸಾ ಅಲ್ಲದೆ ಬೇರೆ ಪರವಾನಗಿಯೂ ಬೇಕು.

ಘಾಟಿ ಇಳಿದರೆ ಕರಾಕುಲ್. ನೀರಿನ ಹರವು ಸುಮಾರು 380 ಚದರ ಕಿ.ಮೀ., ಮಟ್ಟ 3,900 ಮೀಟರಿಗೂ ಮೇಲೆ. ದಕ್ಷಿಣದಿಂದ ಚಾಚಿಕೊಂಡ ಪರ್ಯಾಯದ್ವೀಪ ಮತ್ತು ಉತ್ತರದ ಒಂದು ದ್ವೀಪ ಸೇರಿ ಸರೋವರವನ್ನು ಎರಡು ಮಾಡಿವೆ. ಪೂರ್ವದ ಪಾಲು ಇಪ್ಪತ್ತು ಮೀಟರಿನೊಳಗಿನ ಆಳದ್ದು, ಪಶ್ಚಿಮದ್ದು 220 ಮೀಟರ್ ದಾಟುತ್ತದೆ. ಇಡೀ ಬೋಗುಣಿ ಉಲ್ಕೆ ಬಿದ್ದು ಆದದ್ದೆಂಬ ವಾದವಿದೆ, ಯಾವಾಗ ಬಿತ್ತು ಎಂಬುದರಲ್ಲಿ ಒಮ್ಮತವಿಲ್ಲ. ಮೀನು ಅಂದರೆ ಒಂದು ಜಾತಿಯ ಕಲ್ಲುಮೀನು, ಮುಗಿಯಿತು. ಆದರೆ ಬೇಸಿಗೆಯಲ್ಲಿ ದಡದ ಜೌಗಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬಂದಿಳಿದು, ಸುತ್ತಲಿನ ಹೊಲದ ಕಡಲೆ ಮೇಯುವ ಅದೇ ಜಾತಿ.

ಕರಾಕುಲ್ ಹಳ್ಳಿ ಪೂರ್ವ ದಡದಲ್ಲಿ, ರಸ್ತೆಗೆ ಅಂಟಿಕೊಂಡಿದೆ. ಸುಣ್ಣ ಬಳಿದ ಮೋಟು ಮನೆಗಳು, ಸಣ್ಣ ಕಿಟಕಿ, ಚಪ್ಪಟೆ ಮಾಡು. ಮಾಡು ಚಪ್ಪಟೆಯಾಗಿರಲು ಕಾರಣ ಸ್ಪಷ್ಟ: ಜಾರಿಸಬೇಕಾದ ಮಳೆಯೇ ಇಲ್ಲ. ಗೋಡೆಗೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಸ್ಥಳದಲ್ಲೇ ಸಿಗುತ್ತದೆ, ತೊಲೆ ಮಾತ್ರ ನೂರಾರು ಕಿಲೋಮೀಟರ್ ಕೆಳಗಿನಿಂದ ಲಾರಿಯಲ್ಲಿ ಬರಬೇಕು. ಹೀಗಾಗಿ ಇಲ್ಲಿ ಮನೆ ಬಿಟ್ಟು ಹೋಗುವವರು ಮೊದಲು ಬಿಚ್ಚಿಕೊಳ್ಳುವುದು ಮಾಡಿನ ಮರ. ಪಾಳು ಮನೆಗಳೆಲ್ಲ ಬೋಳುತಲೆಯಲ್ಲಿ ನಿಂತಿರುವುದನ್ನು ನೋಡಿ ಭೂಕಂಪ ಆಯಿತೇನೋ ಎಂದುಕೊಳ್ಳಬೇಡಿ.

ಹಳ್ಳಿಯ ಆಸುಪಾಸಿನಲ್ಲಿ ಬಿಳಿಯಾಗಿ, ಒಣಗಿದ ಹಾಗೆ ಕಾಣುವ ನೆಲದ ಮೇಲೆ ಗಾಡಿ ಬಿಡಬಾರದು. ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು. ಚಕ್ರ ಒಮ್ಮೆ ಹಪ್ಪಳ ಒಡೆದರೆ ಅಚ್ಚಿನವರೆಗೂ ಇಳಿಯುತ್ತದೆ, ಎಳೆಯಲು ಇನ್ನೊಂದು ಗಾಡಿ ಬರುವುದು ಯಾವಾಗಲೋ. ಹಳೆಯ ಚಕ್ರದ ಜಾಡು ಇದ್ದ ಕಡೆಯೇ ಹೋಗುವುದು ಕ್ಷೇಮ.

ಅಲ್ಲಿಂದ ಅಕ್‌ಬೈತಾಲ್ ಘಾಟಿ, 4,655 ಮೀಟರ್, ಇಡೀ ಹೆದ್ದಾರಿಯಲ್ಲೇ ಎತ್ತರದ ಜಾಗ. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಕರಾಕುಲ್‌ನಿಂದ ಮುರ್ಗಾಬ್‌ಗೆ ಸುಮಾರು 135 ಕಿ.ಮೀ. ಇದನ್ನು ಎರಡು ಗಂಟೆಯ ದಾರಿ ಎಂದು ಲೆಕ್ಕ ಹಾಕಿದವರು ನಾಲ್ಕೈದು ಗಂಟೆ ಕೂರುತ್ತಾರೆ. ನೆಲದಡಿಯ ಮಂಜುಗಡ್ಡೆ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಉಬ್ಬುವುದರಿಂದ ರಸ್ತೆ ಅಲೆಅಲೆಯಾಗಿ ಎದ್ದಿರುತ್ತದೆ. ಡ್ರೈವರುಗಳು ರಸ್ತೆ ಬಿಟ್ಟು ಪಕ್ಕದ ಬಯಲಲ್ಲೇ ಓಡಿಸುತ್ತಾರೆ, ಒಂದು ದಾರಿ ಹತ್ತು ಜಾಡಾಗುತ್ತದೆ.

ಈ ದಾರಿಯುದ್ದಕ್ಕೂ ಪೂರ್ವದ ಕಡೆ ಕಾಣುವ ಮುಳ್ಳುತಂತಿಯ ಬೇಲಿಯನ್ನು ಚೀನಾದ ಗಡಿ ಎಂದೇ ಎಲ್ಲರೂ ತಿಳಿಯುತ್ತಾರೆ. ಅಸಲು ಗಡಿ ಇನ್ನೂ ಆಚೆ, ಬೆಟ್ಟದ ನೆತ್ತಿಯ ಮೇಲಿದೆ. ಸೋವಿಯತ್ ಕಾಲದಲ್ಲಿ ಬೇಲಿಯನ್ನು ಬೇಕೆಂದೇ ಒಳಗೆ, ಕಾವಲಿಗೆ ಅನುಕೂಲವಾದ ಜಾಗದಲ್ಲಿ ಹಾಕಿದ್ದರು. ಅಲ್ಲಲ್ಲಿ ಕಂಬಗಳು ಮಾಯವಾಗಿವೆ. ಮರವಿಲ್ಲದ ಊರಲ್ಲಿ ಮರದ ಕಂಬ ಎಲ್ಲಿಗೆ ಹೋಗಿರಬಹುದು, ಒಲೆಯನ್ನೇ ಕೇಳಬೇಕು.

ಒಲೆಯ ಮಾತು ಬಂತಲ್ಲ, ಸ್ವಲ್ಪ ಅಲ್ಲೇ ಕೂರೋಣ. ಈ ಜಿಲ್ಲೆಯ ನೆಲೆಗಳ ಕಥೆಯಲ್ಲಿ ನೀರಿಗಿಂತ ದೊಡ್ಡ ಪಾತ್ರ ಉರುವಲಿನದು. ಸೋವಿಯತ್ ಕಾಲದಲ್ಲಿ ಕಲ್ಲಿದ್ದಲು, ಡೀಸೆಲ್, ಹಿಟ್ಟು ಎಲ್ಲವೂ ಓಶ್‌ನಿಂದ ಲಾರಿ ಏರಿ, ಸರ್ಕಾರದ ದರದಲ್ಲಿ ಬರುತ್ತಿತ್ತು. ಚೀನಾದ ಗಡಿಯಲ್ಲಿ ಜನ ಇರಲೇಬೇಕು ಎಂಬುದು ಮಾಸ್ಕೋದ ಲೆಕ್ಕ. 1991ರಲ್ಲಿ ಆ ವ್ಯವಸ್ಥೆ ಕುಸಿಯಿತು, ಮರುವರ್ಷವೇ ತಜಿಕಿಸ್ತಾನದಲ್ಲಿ ಅಂತರ್ಯುದ್ಧ ಶುರುವಾಗಿ 1997ರವರೆಗೆ ನಡೆಯಿತು. ಕಲ್ಲಿದ್ದಲು ನಿಂತಾಗ ಉಳಿದದ್ದು ತೆರೆಸ್ಕೆನ್ ಎಂಬ ಗಿಡ.

ನೋಡಲು ಮೊಣಕಾಲೆತ್ತರವೂ ಇಲ್ಲದ ಬೂದು ಬಣ್ಣದ ಪೊದೆ. ನೆಲದ ಮೇಲೆ ಗೇಣುದ್ದ ಕಂಡರೆ ಕೆಳಗೆ ಕಟ್ಟಿಗೆಯಂಥ ಗಟ್ಟಿ ಬೇರು ಬಹಳ ಆಳಕ್ಕಿಳಿದಿರುತ್ತದೆ. ಶಾಖ ಇರುವುದು ಆ ಬೇರಿನಲ್ಲೇ, ಆದ್ದರಿಂದ ಕೊಯ್ಯುವುದಿಲ್ಲ, ‘ಕೆತ್ಮೆನ್’ ಎಂಬ ಅಗಲ ಗುದ್ದಲಿಯಿಂದ ಬುಡಸಮೇತ ಅಗೆಯುತ್ತಾರೆ. ತಗಡಿನ ಒಲೆಯಲ್ಲಿ ಹಸಿಯಾಗಿದ್ದರೂ ಭಗ್ಗನೆ ಹತ್ತಿಕೊಳ್ಳುತ್ತದೆ, ಕಾಗದದಷ್ಟೇ ಬೇಗ ಮುಗಿದೂ ಹೋಗುತ್ತದೆ. ಒಂದು ರಾತ್ರಿ ದಾಟಿಸಲು ರಾಶಿ ಬೇಕು. ಇಷ್ಟು ಚಳಿ, ಇಷ್ಟು ಬರದಲ್ಲಿ ಒಂದು ಬುಡ ದಪ್ಪವಾಗಲು ಹತ್ತಾರು ವರ್ಷ ಹಿಡಿಯುತ್ತದೆ. ಅಗೆದ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ, ಬೇರು ಹಿಡಿದಿಟ್ಟಿದ್ದ ಮಣ್ಣು ಗಾಳಿಗೆ ಏಳುತ್ತದೆ. ಹೀಗೆ ಪ್ರತಿ ಊರಿನ ಸುತ್ತ ಒಂದು ಬೋಳು ಉಂಗುರ ಬೆಳೆಯಿತು, ಗಿಡ ತರಲು ಲಾರಿಯಲ್ಲಿ ದೂರ ಹೋಗಬೇಕಾಯಿತು. ಇನ್ನೊಂದು ಪೆಟ್ಟು ಕಣ್ಣಿಗೆ ಅಷ್ಟು ಬೇಗ ಕಾಣುವುದಿಲ್ಲ: ಚಳಿಗಾಲದಲ್ಲಿ ಕುರಿ, ಯಾಕ್‌ಗಳಿಗೆ ಹಿಮದ ಮೇಲೆ ತಲೆ ಎತ್ತಿ ಸಿಗುವ ಮೇವೂ ಇದೇ ತೆರೆಸ್ಕೆನ್. ಒಲೆಗೆ ಹಾಕಿದ್ದು ಜಾನುವಾರಿನ ಬಾಯಿಂದ ಕಿತ್ತದ್ದು.

ಇದಕ್ಕಿಂತ ಒಳ್ಳೆಯ ಉರುವಲು ನಮಗೆಲ್ಲ ಪರಿಚಯದ್ದೇ: ಬೆರಣಿ. ಅಲ್ಲಿ ಎರಡು ಬಗೆ. ಯಾಕ್ ಮತ್ತು ದನದ್ದು ‘ತೆಜೆಕ್’, ಬಯಲಲ್ಲಿ ತಾನಾಗಿಯೇ ಒಣಗಿದ್ದನ್ನು ಆರಿಸಿ ತರುತ್ತಾರೆ. ಕುರಿಯದ್ದು ‘ಕಿಕ್’. ಚಳಿಗಾಲವಿಡೀ ರೊಪ್ಪದಲ್ಲಿ ಕುರಿಗಳು ತುಳಿದು ತುಳಿದು ಹಿಕ್ಕೆಯ ಪದರ ಹಲಗೆಯಂತೆ ಗಟ್ಟಿಯಾಗುತ್ತದೆ. ವಸಂತದಲ್ಲಿ ಅದನ್ನು ಸಲಿಕೆಯಿಂದ ಇಟ್ಟಿಗೆಯಾಕಾರಕ್ಕೆ ಕತ್ತರಿಸಿ, ಗಾಳಿ ಆಡುವಂತೆ ಗೋಡೆ ಕಟ್ಟಿ ಒಣಗಿಸುತ್ತಾರೆ. ಮಳೆಯ ಭಯವಿಲ್ಲದ್ದರಿಂದ ಮೇಲೆ ಮುಚ್ಚಬೇಕಾಗಿಲ್ಲ. ಕಿಕ್ ನಿಧಾನವಾಗಿ, ಸಮನಾಗಿ ಉರಿಯುತ್ತದೆ. ತೆರೆಸ್ಕೆನ್ ಹಾಕಿ ಬೆಂಕಿ ಹತ್ತಿಸಿ, ಕಿಕ್ ಹಾಕಿ ಬೆಂಕಿ ಉಳಿಸುವುದು ಬಲ್ಲವರ ಕ್ರಮ. ತೊಡಕು ಒಂದೇ, ಕುರಿ ಇದ್ದವನಿಗೆ ಮಾತ್ರ ಕಿಕ್. ಪಟ್ಟಣದಲ್ಲಿ ಹಿಂಡಿಲ್ಲದ ಮನೆ ಕೊಂಡು ತರಬೇಕು. ವಿದ್ಯುತ್ತನ್ನು ನಂಬೋಣವೆಂದರೆ, ಅಕ್ಸು ನದಿಯ ಸಣ್ಣ ಜಲವಿದ್ಯುತ್ ಘಟಕಕ್ಕೆ ನೀರು ಕಡಿಮೆಯಾಗುವುದೇ ಚಳಿಗಾಲದಲ್ಲಿ, ಹೊಳೆ ಹೆಪ್ಪುಗಟ್ಟಿದಾಗ, ಕರೆಂಟು ಬೇಕೇ ಬೇಕಾದ ಹೊತ್ತಿನಲ್ಲಿ.

ಮುರ್ಗಾಬ್ ಪಟ್ಟಣ 3,600 ಮೀಟರಿನ ತುಸು ಮೇಲೆ, ನದಿ ಎರಡಾಗಿ ಬಂದು ಒಂದಾಗುವ ಕಡೆ. 1890ರ ದಶಕದಲ್ಲಿ ರಷ್ಯನ್ನರು ‘ಪಾಮೀರ್‌ಸ್ಕಿ ಪೋಸ್ಟ್’ ಎಂಬ ಸೇನಾ ಠಾಣೆಯಾಗಿ ಕಟ್ಟಿದ್ದು. ಇದು ಹುಟ್ಟಿದ್ದರಲ್ಲಿ ಭಾರತದ ಬ್ರಿಟಿಷ್ ಸರ್ಕಾರದ ಪಾಲೂ ಇದೆ. 1891ರಲ್ಲಿ ರಷ್ಯದ ಕರ್ನಲ್ ಇಯೊನೋವ್, ಭಾರತದಿಂದ ಬಂದಿದ್ದ ಸೇನಾಧಿಕಾರಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್‌ನನ್ನು ಪಾಮೀರಿನಿಂದ ಹೊರಗೆ ಕಳಿಸಿದ. ಮರುವರ್ಷ ಅದೇ ಇಯೊನೋವ್ ಯಶಿಲ್‌ಕುಲ್ ಬಳಿಯ ಸೊಮತಾಶ್‌ನಲ್ಲಿ ಅಫ್ಘನ್ ಕಾವಲುಪಡೆಯ ಮೇಲೆ ಬಿದ್ದ. 1895ರಲ್ಲಿ ರಷ್ಯನ್ನರು, ಬ್ರಿಟಿಷರು ಕೂತು ಜೋರ್‌ಕುಲ್ ಸರೋವರದಿಂದ ಪೂರ್ವಕ್ಕೆ ಚೀನಾದ ಅಂಚಿನವರೆಗೆ ಗಡಿ ಎಳೆದರು. ಜಿಲ್ಲೆಯ ಇಂದಿನ ದಕ್ಷಿಣದ ಗೆರೆ ಅದೇ. ಅಷ್ಟರವರೆಗೆ ಹುಲ್ಲು ಇದ್ದ ಕಡೆ ಹೋಗಿಬರುತ್ತಿದ್ದ ಕಿರ್ಗಿಜ್ ಹಿಂಡುಗಳಿಗೆ ಮೊದಲ ಸಲ ‘ಆಚೆ’ ಎಂಬುದೊಂದು ಹುಟ್ಟಿತು.

ಪಟ್ಟಣದಲ್ಲಿ ಲೆನಿನ್ ಪ್ರತಿಮೆ, ಆಸ್ಪತ್ರೆ, ಶಾಲೆಗಳು, ಮಸೀದಿ. ಸಂತೆ ಮಾತ್ರ ಬೇರೆಲ್ಲೂ ಇಲ್ಲದಂಥದು: ಹಡಗಿನ ಸರಕು ತುಂಬುವ ಕಬ್ಬಿಣದ ಕಂಟೇನರುಗಳು, ಹಳೆಯ ವ್ಯಾಗನ್‌ಗಳು ಸಾಲಾಗಿ ನಿಂತಿವೆ, ಒಂದೊಂದೂ ಒಂದೊಂದು ಅಂಗಡಿ. ಮರವಿಲ್ಲದ, ಗಾಳಿ ನಿಲ್ಲದ ಊರಿಗೆ ಇದಕ್ಕಿಂತ ತಕ್ಕ ಅಂಗಡಿ ಇಲ್ಲ. ಲಾರಿಯಲ್ಲಿ ಬರುತ್ತದೆ, ಇಳಿಸಿದಲ್ಲಿ ನಿಲ್ಲುತ್ತದೆ, ಬಾಗಿಲು ಮುಚ್ಚಿದರೆ ಕಳ್ಳನೂ ಇಲ್ಲ, ಧೂಳೂ ಇಲ್ಲ. ಹಿಟ್ಟು, ಅಕ್ಕಿ, ಎಣ್ಣೆ, ಆಲೂಗೆಡ್ಡೆ ಎಲ್ಲವೂ ಓಶ್, ಖೊರೋಗ್ ಅಥವಾ ಚೀನಾದಿಂದ. 2004ರಲ್ಲಿ 4,362 ಮೀಟರ್ ಎತ್ತರದ ಕುಲ್ಮಾ ಘಾಟಿ ತೆರೆದ ಮೇಲೆ ಚೀನಾದ ಲಾರಿಗಳ ಓಡಾಟ ಬಹಳವಾಯಿತು. 2011ರಲ್ಲಿ ಗಡಿ ಒಪ್ಪಂದದ ಪ್ರಕಾರ ಈ ಭಾಗದ ಸುಮಾರು 1,100 ಚದರ ಕಿ.ಮೀ. ನೆಲ ಚೀನಾಕ್ಕೆ ಹೋಯಿತು. ಹಳೆಯ ನಕ್ಷೆ ಹಿಡಿದವರು ಪೂರ್ವದ ಗೆರೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ಜಿಲ್ಲೆಯಲ್ಲಿ ಹೆಚ್ಚಿನವರು ಕಿರ್ಗಿಜರು, ಸುನ್ನಿಗಳು. ಉಳಿದವರು ಪಶ್ಚಿಮದ ಕಣಿವೆಗಳ ಪಾಮೀರಿ ಭಾಷೆಯವರು, ಆಗಾ ಖಾನರನ್ನು ಇಮಾಮ್ ಎಂದು ನಡೆದುಕೊಳ್ಳುವ ಇಸ್ಮಾಯಿಲಿಗಳು. ಮನೆಯೊಳಗಿನ ಕಟ್ಟಣೆ, ಅಡುಗೆ, ಮದುವೆಯ ಹಾಡು ಎಲ್ಲ ಬೇರೆ. ಒಲೆಯ ಮುಂದಿನ ಉಪ್ಪು ಹಾಕಿದ ಹಾಲಿನ ಚಹಾ ಮಾತ್ರ ಇಬ್ಬರದೂ.

ಮುರ್ಗಾಬ್‌ನಿಂದ ದಕ್ಷಿಣಕ್ಕೆ ನೈಜತಾಶ್ ಘಾಟಿ (4,137 ಮೀಟರ್) ದಾಟಿದರೆ ಅಲಿಚೂರ್, ಸುಮಾರು ನೂರು ಕಿಲೋಮೀಟರ್ ದೂರ. ಯಾಕ್ ಸಾಕಣೆಗೆ ಹೆಸರಾದ ಕಣಿವೆ. ಯಾಕ್‌ಗೆ ಇಲ್ಲಿ ‘ತೊಪೋಜ್’ ಎನ್ನುತ್ತಾರೆ. ಹಳ್ಳಿಯ ಹತ್ತಿರವೇ ರಸ್ತೆ ಪಕ್ಕದಲ್ಲಿ ಅಕ್‌ಬಾಲಿಕ್, ‘ಬಿಳಿ ಮೀನು’, ಎಂಬ ತಿಳಿನೀರಿನ ಒರತೆಗುಂಡಿ. ಮೀನುಗಳನ್ನು ಪವಿತ್ರವೆಂದು ಹಿಡಿಯುವುದಿಲ್ಲ. ಶೃಂಗೇರಿಯ ತುಂಗೆ ನೆನಪಾದರೆ ತಪ್ಪಿಲ್ಲ. ಹೆದ್ದಾರಿಯಿಂದ ಹದಿನೈದು ಹದಿನಾರು ಕಿ.ಮೀ. ಒಳಗೆ ಬುಲುನ್‌ಕುಲ್ ಎಂಬ ಸಣ್ಣ ಹಳ್ಳಿ, ಪಾಮೀರಿಗಳದ್ದು. ಸೊನ್ನೆಗಿಂತ 63 ಡಿಗ್ರಿ ಕೆಳಗಿನ ಚಳಿ ದಾಖಲಾದ ಜಾಗವೆಂದು ಇದರ ಖ್ಯಾತಿ. ಮುರ್ಗಾಬ್‌ಗಿಂತ ನೂರೇ ಮೀಟರ್ ಎತ್ತರದಲ್ಲಿದ್ದು ಚಳಿ ಇಷ್ಟೇಕೆ? ಸುತ್ತ ಬೆಟ್ಟಗಳಿರುವ ಬಟ್ಟಲು ಅದು. ಗಾಳಿಯಿಲ್ಲದ ರಾತ್ರಿ ಇಳಿಜಾರಿನಿಂದ ತಣ್ಣನೆಯ, ಭಾರವಾದ ಗಾಳಿ ಜಾರಿ ಬಂದು ತಳದಲ್ಲಿ ನೀರಿನಂತೆ ನಿಲ್ಲುತ್ತದೆ, ಹೊರಹೋಗಲು ಕಿಂಡಿಯಿಲ್ಲ.

ಬಲ್ಲ ಕಿರ್ಗಿಜ್ ಕುಟುಂಬ ‘ಕಿಶ್ತೂ’ ಅಂದರೆ ಚಳಿಗಾಲದ ಬಿಡಾರವನ್ನು ಬಟ್ಟಲಿನ ತಳದಲ್ಲಿ ಹಾಕದಿರುವುದು ಇದಕ್ಕೇ. ನೆಲದಿಂದ ಸ್ವಲ್ಪ ಮೇಲೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಬೆನ್ನಿಗೆ ಬಂಡೆ, ಹೆಪ್ಪುಗಟ್ಟದ ಒಂದು ಒರತೆ, ನಡೆದು ಹೋಗುವ ದೂರದಲ್ಲಿ ತೆರೆಸ್ಕೆನ್. ಈ ನಾಲ್ಕೂ ಕೂಡಿದ ಜಾಗಗಳು ಎಣಿಸಿದಷ್ಟೇ, ಅದಕ್ಕೇ ಬಿಡಾರಗಳು ಇಷ್ಟು ದೂರ ದೂರ. ಮೇ, ಜೂನ್ ಹೊತ್ತಿಗೆ ಅಲ್ಲಿಂದ ‘ಜೈಲೂ’ ಎಂಬ ಬೇಸಿಗೆಯ ಹುಲ್ಲುಗಾವಲಿಗೆ ಏರುತ್ತಾರೆ. ಕಣಿವೆಗಳ ಮೇಲ್ತುದಿಯ, ಹಿಮ ಕರಗಿದ ನೀರು ಒಸರುವ ಜೌಗು ನೆಲ ಅದು. ಅಲ್ಲಿ ಮನೆ ಎಂದರೆ ‘ಬೋಜ್ ಊಯ್’, ಬೂದು ಮನೆ. ಬಿದಿರ ತಟ್ಟಿಯಂತೆ ಮಡಚಿ ಬಿಚ್ಚುವ ಜಾಲರಿ ಗೋಡೆ ‘ಕೆರೆಗೆ’, ಮೇಲೆ ಗಾಲಿಯಂಥ ಸೂರಿನ ಕಣ್ಣು ‘ತುಂದುಕ್’, ಎರಡನ್ನೂ ಕೂಡಿಸುವ ಅರವತ್ತಕ್ಕೂ ಹೆಚ್ಚು ಬಾಗಿದ ಕೋಲುಗಳು ‘ಊಕ್’, ಹೊದಿಕೆಗೆ ಒತ್ತಿ ಮಾಡಿದ ಉಣ್ಣೆ. ಗೋಡೆ ಮೊದಲು ದುಂಡಗೆ ನಿಲ್ಲಿಸಿ ಕಟ್ಟಬೇಕು, ಆಮೇಲೆ ತುಂದುಕ್ ಅನ್ನು ಕಂಬದ ಮೇಲೆತ್ತಿ ಎದುರುಬದುರಾಗಿ ಊಕ್ ಸಿಕ್ಕಿಸಬೇಕು. ಒಂದೇ ಕಡೆಯಿಂದ ಸಿಕ್ಕಿಸುತ್ತ ಬಂದರೆ ತುಂದುಕ್ ವಾಲಿ ಗೋಡೆ ಹಿಗ್ಗುತ್ತದೆ. ಈಗ ಎಷ್ಟೋ ಮನೆಯವರು ಜೈಲೂವಿನಲ್ಲೂ ಕಲ್ಲುಮಣ್ಣಿನ ಗುಡಿಸಲು ಅಥವಾ ಹಳೆಯ ಲಾರಿ ವ್ಯಾಗನ್ ಇಟ್ಟುಕೊಂಡಿದ್ದಾರೆ. ಸೆಪ್ಟೆಂಬರಿನಲ್ಲಿ ಇಳಿಯುತ್ತಾರೆ.

ಹೆದ್ದಾರಿಯಿಂದ ದೂರದ ಊರುಗಳಲ್ಲಿ ರಂಗ್‌ಕುಲ್ ವಿಚಿತ್ರದ್ದು. ಪಕ್ಕಪಕ್ಕದಲ್ಲಿ ರಂಗ್‌ಕುಲ್, ಶೋರ್‌ಕುಲ್ ಎಂಬ ಎರಡು ಸರೋವರ, ಎರಡಕ್ಕೂ ನಡುವೆ ಕಾಲುವೆಯಂಥ ಕೊಂಡಿ. ಆಚೆ ಚೀನಾದಲ್ಲಿರುವ 7,546 ಮೀಟರಿನ ಮುಜ್ತಾಗ್ ಅತಾ ತಿಳಿಯಾದ ದಿನ ಕಾಣುತ್ತದೆ. ಇಲ್ಲಿ ಚಿರಾಗ್‌ತಾಶ್, ದೀಪದ ಕಲ್ಲು, ಎಂಬ ಬಂಡೆಯ ಎತ್ತರದ ಗವಿಯಲ್ಲಿ ಸದಾ ಬೆಳಕು ಕಾಣುತ್ತದೆಂದೂ ಒಳಗೆ ನಿಧಿ ಇದೆಯೆಂದೂ ಜನರ ನಂಬಿಕೆ. 1890ರಲ್ಲಿ ಅದೇ ಯಂಗ್‌ಹಸ್ಬೆಂಡ್ ಹತ್ತಿ ನೋಡಿದಾಗ ಗವಿ ಆಚೆ ಬದಿಗೂ ತೆರೆದಿತ್ತು, ಬೆಳಕು ಹಿಂದಿನ ಆಕಾಶದ್ದು.

ಪಶ್ಚಿಮದ ಅಂಚಿನ ಸರೇಜ್ ಬಗ್ಗೆ ಬರೆಯದಿದ್ದರೆ ಜಿಲ್ಲೆ ಮುಗಿಯದು. 1911ರ ಫೆಬ್ರುವರಿ 18ರ ಭೂಕಂಪದಲ್ಲಿ ಬೆಟ್ಟವೊಂದು ಕುಸಿದು ಉಸೋಯ್ ಎಂಬ ಹಳ್ಳಿಯನ್ನು ಹುಗಿದು, ನದಿಗೆ ಅಡ್ಡ ಬಿತ್ತು. ಹಿಂದೆ ತುಂಬಿದ ನೀರು ಸರೇಜ್ ಎಂಬ ಇನ್ನೊಂದು ಹಳ್ಳಿಯನ್ನು ಮುಳುಗಿಸಿತು. ಆ ಒಡ್ಡಿನ ಎತ್ತರ 567 ಮೀಟರ್, ಮನುಷ್ಯ ಕಟ್ಟಿದ ಯಾವ ಅಣೆಕಟ್ಟೂ ಅಷ್ಟಿಲ್ಲ. ಸರೋವರ ಸುಮಾರು 60 ಕಿ.ಮೀ. ಉದ್ದ. ದಡ ಕಡಿದಾದ್ದರಿಂದ ಊರು ಹುಟ್ಟಲು ಜಾಗವಿಲ್ಲ, ಕೆಳಗಿನ ಬರ್ತಾಂಗ್ ಕಣಿವೆಯವರಿಗೆ ತಲೆಯ ಮೇಲೆ ಅಷ್ಟು ನೀರು ನಿಂತಿರುವ ಅರಿವಿನಲ್ಲೇ ಬದುಕು.

ಹೋಗುವವರಿಗೆ ಕೆಲವು ಮಾತು. ಓಶ್ ಇರುವುದು ಸಾವಿರ ಮೀಟರಿನಲ್ಲಿ, ಕರಾಕುಲ್ 3,900ರಲ್ಲಿ. ಒಂದೇ ದಿನದಲ್ಲಿ ಏರಿದರೆ ರಾತ್ರಿ ತಲೆ ಸಿಡಿಯುತ್ತದೆ, ವಾಂತಿ, ನಿದ್ದೆ ಹತ್ತದು. ನಡುವೆ 3,170 ಮೀಟರಿನ ಸಾರಿತಾಶ್‌ನಲ್ಲಿ ಒಂದೆರಡು ರಾತ್ರಿ ತಂಗಬೇಕು. ಕರಾಕುಲ್‌ನಲ್ಲಿ ಈ ತೊಂದರೆ ಹೆಚ್ಚಾದರೆ ಗಮನಿಸಿ, ಎರಡೂ ದಿಕ್ಕಿನಲ್ಲಿ ಇನ್ನೂ ಎತ್ತರದ ಘಾಟಿ ದಾಟದೆ ಕೆಳಗಿಳಿಯಲಾಗದು. ಖೊರೋಗ್ ಕಡೆಯಿಂದ ಬಂದರೆ ಏರು ನಿಧಾನ, ಮೈಗೆ ಹಿತ. ಕರಾಕುಲ್ ಎತ್ತರದಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲೊಲ್ಲದು, ಪುಟ್ಟ ಕುಕ್ಕರ್ ಇದ್ದವರೇ ಪುಣ್ಯವಂತರು. ಹಿಮನದಿಯ ಹೊಳೆಗಳನ್ನು ಬೆಳಗ್ಗೆಯೇ ದಾಟಬೇಕು. ಮಧ್ಯಾಹ್ನದ ಬಿಸಿಲಿಗೆ ಕರಗಿದ್ದು ಸಂಜೆ ಕೆಳಗೆ ಬರುತ್ತದೆ, ಬೆಳಗ್ಗೆ ಮೊಣಕಾಲಿಗಿದ್ದದ್ದು ಸಂಜೆ ಸೊಂಟಕ್ಕೆ. ಗಾಳಿ ಏಳುವುದೂ ಮಧ್ಯಾಹ್ನದ ಮೇಲೆಯೇ.

ಇನ್ನು ಗಡಿಯಾರ. ಕಚೇರಿಗಳು ನಡೆಯುವುದು ರಾಜಧಾನಿ ದುಶಾನ್ಬೆಯ ಸಮಯಕ್ಕೆ. ಊರಿನ ಜನ, ಅದರಲ್ಲೂ ಕಿರ್ಗಿಜರು, ಅದಕ್ಕಿಂತ ಒಂದು ಗಂಟೆ ಮುಂದಿರುವ ಕಿರ್ಗಿಸ್ತಾನದ ಸಮಯ ಇಟ್ಟುಕೊಳ್ಳುತ್ತಾರೆ. ಜೀಪು ಹೊರಡುವುದು ಸಂತೆಯ ಬಳಿಯಿಂದ, ಜನ ತುಂಬಿದ ಮೇಲೆ. ಎಂಟಕ್ಕೆ ಬನ್ನಿ ಎಂದು ಡ್ರೈವರ್ ಹೇಳಿದರೆ, ಯಾರ ಎಂಟು ಎಂದು ಅಲ್ಲೇ ಕೇಳಿಬಿಡಿ.